ಥೀಟಾ ಲಯದ ದಾರಿ ಹುಡುಕುವುದು ಹೇಗೆ: ಇಲಿಯ ಮಿದುಳುಕಾಂಡದಿಂದ ಹಿಪೊಕ್ಯಾಂಪಸ್‌ವರೆಗೆ

ಓಡಾಡುತ್ತಿರುವ ಇಲಿಯ ಹಿಪೊಕ್ಯಾಂಪಸ್‌ಗೆ (ನೆನಪಿಗೆ, ಜಾಗದ ಅರಿವಿಗೆ ಬೇಕಾದ ಮಿದುಳಿನ ಭಾಗಕ್ಕೆ) ತಂತಿ ಇಳಿಸಿದರೆ ಸೆಕೆಂಡಿಗೆ ಏಳೆಂಟು ಸಲ ಏರಿಳಿಯುವ ಅಲೆ ಸಿಗುತ್ತದೆ. ಇದೇ ಥೀಟಾ ಲಯ. ರೆಕಾರ್ಡ್ ಮಾಡುವುದು ಅಷ್ಟೇನೂ ಕಷ್ಟವಲ್ಲ. ಆ ಲಯ ಎಲ್ಲಿ ಹುಟ್ಟಿತು, ಯಾವ ದಾರಿಯಲ್ಲಿ ಬಂತು, ಯಾರು ಅದರ ವೇಗ ಗೊತ್ತುಮಾಡಿದರು ಎಂದು ತೋರಿಸುವುದು ಕಷ್ಟ. ಅದಕ್ಕೆ ದಾರಿಯ ಒಂದೊಂದು ತಾಣವನ್ನೂ ಬೇರೆಬೇರೆಯಾಗಿ ಕೆಣಕಬೇಕು, ಬೇರೆಬೇರೆಯಾಗಿ ಸುಮ್ಮನಾಗಿಸಬೇಕು. ಪ್ರತಿ ಸಲವೂ ಎರಡು ಸಂಖ್ಯೆ ಬರೆದುಕೊಳ್ಳಬೇಕು: ಆವರ್ತನ ಎಷ್ಟು, ಅಲೆಯ ಎತ್ತರ ಎಷ್ಟು. ಇವೆರಡನ್ನೂ ಸೇರಿಸಿ ‘ಥೀಟಾ ಪವರ್’ ಎಂಬ ಒಂದೇ ಸಂಖ್ಯೆ ಮಾಡಿಬಿಟ್ಟರೆ ಪ್ರಯೋಗ ಅಲ್ಲಿಗೆ ಕೆಟ್ಟಂತೆ. ಯಾಕೆಂದು ಮುಂದೆ ಗೊತ್ತಾಗುತ್ತದೆ.

ಮೊದಲು ನಕ್ಷೆ

ಮುಖ್ಯ ದಾರಿಯಲ್ಲಿ ನಾಲ್ಕು ತಾಣಗಳಿವೆ. ಮಿದುಳುಕಾಂಡದ ಪಾನ್ಸ್‌ನಲ್ಲಿರುವ ನ್ಯೂಕ್ಲಿಯಸ್ ರೆಟಿಕ್ಯುಲಾರಿಸ್ ಪಾಂಟಿಸ್ ಓರಾಲಿಸ್ ಮೊದಲನೆಯದು. ಲ್ಯಾಬ್‌ಗಳಲ್ಲಿ ಇದನ್ನು ಆರ್‌ಪಿಓ ಅನ್ನುತ್ತಾರೆ. ಇಲ್ಲಿನ ಕೋಶಗಳು ಲಯಬದ್ಧವಾಗಿ ಸಿಡಿಯುವುದಿಲ್ಲ, ಸುಮ್ಮನೆ ಒಂದೇ ಸಮನೆ ಸಿಡಿಯುತ್ತವೆ. ಎರಡನೆಯದು ಹೈಪೊಥಲಾಮಸ್‌ನ ಹಿಂಭಾಗ: ಸುಪ್ರಾಮ್ಯಾಮಿಲರಿ ಕೇಂದ್ರ ಮತ್ತು ಅದರ ನೆರೆಯ ಪೋಸ್ಟೀರಿಯರ್ ಹೈಪೊಥಲಾಮಸ್. ಸುಪ್ರಾಮ್ಯಾಮಿಲರಿಯಲ್ಲಿ ಥೀಟಾಗೆ ಹೊಂದಿಕೊಂಡು ಸಿಡಿಯುವ ಕೋಶಗಳು ಸಿಗುತ್ತವೆ; ಕೆಳಗಿನಿಂದ ಬಂದ ಒತ್ತಡ ಇಲ್ಲಿ ಲಯವಾಗಿ ಮಾರ್ಪಡುತ್ತದೆ. ಮೂರನೆಯದು ಮೀಡಿಯಲ್ ಸೆಪ್ಟಮ್ ಮತ್ತು ಅದಕ್ಕೆ ಅಂಟಿಕೊಂಡ ಡಯಾಗನಲ್ ಬ್ಯಾಂಡ್‌ನ ಲಂಬ ಭಾಗ. ಇಲ್ಲಿಂದ ಫಿಂಬ್ರಿಯಾ, ಫಾರ್ನಿಕ್ಸ್ ತಂತುಗಳ ಮೂಲಕ ನಾಲ್ಕನೆಯದಾದ ಹಿಪೊಕ್ಯಾಂಪಸ್‌ಗೆ.

ಸೆಪ್ಟಮ್‌ನಲ್ಲಿ ಮೂರು ಜಾತಿಯ ಕೋಶಗಳಿವೆ. ಪಾರ್ವಾಲ್ಬ್ಯುಮಿನ್ ಎಂಬ ಪ್ರೋಟೀನ್ ಹೊಂದಿದ, ಗಾಬಾ ಎಂಬ ತಡೆಯೊಡ್ಡುವ ರಾಸಾಯನಿಕ ಬಿಡುವ ಕೋಶಗಳೇ ಲಯ ಹಿಡಿಯುವವು. ಇವು ಹಿಪೊಕ್ಯಾಂಪಸ್‌ನ ಇಂಟರ್‌ನ್ಯೂರಾನ್‌ಗಳನ್ನು (ಅಲ್ಲೇ ತಡೆಯೊಡ್ಡುವ ಕೋಶಗಳನ್ನು) ತಡೆದು, ಆ ಮೂಲಕ ಅಲ್ಲಿನ ಮುಖ್ಯ ಕೋಶಗಳಾದ ಪಿರಮಿಡ್ ಕೋಶಗಳನ್ನು ಲಯಕ್ಕೆ ತಕ್ಕಂತೆ ಬಿಡುಗಡೆ ಮಾಡುತ್ತವೆ. ಅಸಿಟೈಲ್‌ಕೋಲಿನ್ ಕೋಶಗಳು ನಿಧಾನ. ಒಂದೊಂದು ಅಲೆಗೂ ತಾಳ ಹಾಕುವುದಕ್ಕಿಂತ ಹಿಪೊಕ್ಯಾಂಪಸ್‌ನ ಸ್ಥಿತಿಯನ್ನು ಹದ ಮಾಡುವುದು ಅವುಗಳ ಕೆಲಸ. ಇವುಗಳನ್ನಷ್ಟೇ 192 ಐಜಿಜಿ–ಸಪೋರಿನ್ ವಿಷದಿಂದ ಕೊಂದರೆ ಥೀಟಾ ತಗ್ಗುತ್ತದೆ, ಮಾಯವಾಗುವುದಿಲ್ಲ. ಗ್ಲುಟಮೇಟ್ ಕೋಶಗಳು ಮೂರನೆಯ ಜಾತಿ.

ಪಕ್ಕದ ದಾರಿಗಳನ್ನೂ ಮರೆಯಬಾರದು. ಹಿಪೊಕ್ಯಾಂಪಸ್‌ನ ನೆರೆಯ ಎಂಟೊರೈನಲ್ ಕಾರ್ಟೆಕ್ಸ್‌ನಿಂದ ಪರ್ಫೊರೆಂಟ್ ದಾರಿಯಲ್ಲಿ ಬರುವ ಸಂಕೇತ, ಎಚ್ಚರದ ಇಲಿಯ ಥೀಟಾದ ದೊಡ್ಡ ಪಾಲು. ಸುಪ್ರಾಮ್ಯಾಮಿಲರಿಯಿಂದ ಹಿಪೊಕ್ಯಾಂಪಸ್‌ನ ಭಾಗಗಳಾದ ಡೆಂಟೇಟ್ ಗೈರಸ್‌ಗೆ ಮತ್ತು ಸಿಎ2ಗೆ ನೇರ ತಂತುಗಳೂ ಇವೆ. ಮಿದುಳುಕಾಂಡದ ಮೀಡಿಯನ್ ರಾಫೆ ಎಲ್ಲಕ್ಕೂ ಬ್ರೇಕು: ಅದನ್ನು ವಿದ್ಯುತ್ತಿನಿಂದ ಕೆಣಕಿದರೆ ಥೀಟಾ ಮುರಿಯುತ್ತದೆ, ಸುಮ್ಮನಾಗಿಸಿದರೆ ಥೀಟಾ ಬಿಡದೆ ಹರಿಯುತ್ತದೆ.

ಈ ನಕ್ಷೆ ಒಮ್ಮೆಗೇ ಸಿಕ್ಕಿದ್ದಲ್ಲ. 1938ರಲ್ಲಿ ಯುಂಗ್ ಮತ್ತು ಕೊರ್ನ್‌ಮ್ಯೂಲರ್ ಮೊಲದಲ್ಲಿ ಈ ಅಲೆ ಕಂಡರು. 1954ರಲ್ಲಿ ಗ್ರೀನ್ ಮತ್ತು ಆರ್ಡುಯಿನಿ ಸೆಪ್ಟಮ್ ಕೆಡಿಸಿದರೆ ಅದು ಹೋಗುತ್ತದೆ ಎಂದು ತೋರಿಸಿದರು. 1962ರಲ್ಲಿ ಪೆಟ್ಶೆ ಮತ್ತು ಸಂಗಡಿಗರು ಸೆಪ್ಟಮ್ ಕೋಶಗಳೇ ಥೀಟಾ ಲಯದಲ್ಲಿ ಸಿಡಿಯುವುದನ್ನು ರೆಕಾರ್ಡ್ ಮಾಡಿದರು. ನಮ್ಮ ಪ್ರಯೋಗಕ್ಕೆ ಮಾದರಿಯೆಂದರೆ 1990ರ ದಶಕದ ಆರಂಭದಲ್ಲಿ ಕರ್ಕ್ ಮತ್ತು ಮ್ಯಾಕ್‌ನಾಟನ್ ಮಾಡಿದ ಕೆಲಸ. ಸೆಪ್ಟಮ್‌ಗೆ ಪ್ರೊಕೇನ್ ಎಂಬ ಮರಗಟ್ಟಿಸುವ ಔಷಧ ಬಿಟ್ಟಾಗ ಹಿಪೊಕ್ಯಾಂಪಸ್‌ನ ಅಲೆ ಕುಸಿಯಿತು, ಸುಪ್ರಾಮ್ಯಾಮಿಲರಿ ಕೋಶಗಳು ಮಾತ್ರ ಲಯ ಬಿಡದೆ ಸಿಡಿಯುತ್ತಲೇ ಇದ್ದವು. ಸುಪ್ರಾಮ್ಯಾಮಿಲರಿಗೇ ಬಿಟ್ಟಾಗ ಆವರ್ತನ ಇಳಿಯಿತು. ತಾಳ ಹಾಕುವವರು ಒಬ್ಬರು, ದನಿ ಏರಿಸುವವರು ಮತ್ತೊಬ್ಬರು ಎಂದು ಗೊತ್ತಾದದ್ದು ಆವರ್ತನವನ್ನೂ ಎತ್ತರವನ್ನೂ ಬೇರೆಬೇರೆಯಾಗಿ ಅಳೆದದ್ದರಿಂದಲೇ.

ಅನುಮತಿ, ಅರಿವಳಿಕೆ

ಭಾರತದಲ್ಲಿ ಈ ಕೆಲಸಕ್ಕೆ ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಬೇಕೇಬೇಕು. ಅರ್ಜಿ ಫಾರ್ಮ್ ಬಿ. ಯುರೇಥೇನ್ ಎಂಬ ಅರಿವಳಿಕೆ ಕೊಟ್ಟ ಇಲಿಯನ್ನು ಮತ್ತೆ ಎಚ್ಚರಿಸುವಂತಿಲ್ಲ, ಪ್ರಯೋಗ ಅಲ್ಲೇ ಮುಗಿಯಬೇಕು. ಇದನ್ನು ಅರ್ಜಿಯಲ್ಲಿ ಬಿಡಿಸಿ ಬರೆಯಿರಿ.

ಯುರೇಥೇನ್ ಯಾಕೆ? ಅದರಡಿ ಥೀಟಾ ಉಳಿಯುತ್ತದೆ, ಅಷ್ಟೇ ಕಾರಣ. ಆದರೆ ಪೂರ್ತಿ ಥೀಟಾ ಅಲ್ಲ. 1975ರಲ್ಲಿ ಕ್ರಾಮಿಸ್, ವ್ಯಾಂಡರ್‌ವುಲ್ಫ್ ಮತ್ತು ಬ್ಲ್ಯಾಂಡ್ ಎರಡು ಬಗೆಯ ಥೀಟಾ ಇದೆಯೆಂದು ವಿಂಗಡಿಸಿದರು. ನಡೆಯುವಾಗ ಓಡುವಾಗ ಬರುವುದು ಮೊದಲ ಬಗೆ, ಅಸಿಟೈಲ್‌ಕೋಲಿನ್ ಸಂಕೇತ ತಡೆಯುವ ಅಟ್ರೊಪಿನ್‌ಗೆ ಜಗ್ಗದು. ಅಲುಗದೆ ಎಚ್ಚರವಾಗಿದ್ದಾಗ ಮತ್ತು ಯುರೇಥೇನ್ ಅಡಿಯಲ್ಲಿ ಬರುವುದು ಎರಡನೆಯದು, ಅಟ್ರೊಪಿನ್ ಕೊಟ್ಟರೆ ಅಳಿಯುತ್ತದೆ. ಯುರೇಥೇನ್ ಅಡಿಯಲ್ಲಿ ಏನೇ ಕಂಡರೂ ಅದು ಎರಡನೆಯ ಬಗೆಯ ಮಾತು. ಅದನ್ನೇ ಓಡುವ ಇಲಿಗೂ ಹೇಳಬೇಡಿ.

ಪ್ರಮಾಣ ಕಿಲೋಗೆ 1.2ರಿಂದ 1.5 ಗ್ರಾಂ, ಹೊಟ್ಟೆಯೊಳಗೆ ಚುಚ್ಚಿ. 300 ಗ್ರಾಂ ಇಲಿಗೆ 1.5ರ ಲೆಕ್ಕದಲ್ಲಿ 0.45 ಗ್ರಾಂ, 20 ಶೇಕಡಾ ದ್ರಾವಣವಾದರೆ 2.25 ಮಿ.ಲೀ. ಒಟ್ಟಿಗೇ ಕೊಡಬೇಡಿ. ಮುಕ್ಕಾಲು ಪಾಲು ಮೊದಲು, ಅರ್ಧ ಗಂಟೆ ಕಾದು ಕಾಲ್ಬೆರಳು ಚಿವುಟಿ ನೋಡಿ, ಕಾಲು ಎಳೆದುಕೊಂಡರೆ ಮಾತ್ರ ಉಳಿದದ್ದನ್ನು ಕಂತಿನಲ್ಲಿ ಕೊಡಿ. ಹೆಚ್ಚಾದರೆ ಇಲಿ ಸಾಯದಿದ್ದರೂ ಥೀಟಾ ಸಾಯುತ್ತದೆ: ದಿನವಿಡೀ 1 ಹರ್ಟ್ಸ್‌ನ ನಿಧಾನ ಅಲೆ ಬಿಟ್ಟರೆ ಬೇರೇನೂ ಕಾಣದು. ಯುರೇಥೇನ್ ಕ್ಯಾನ್ಸರ್‌ಕಾರಕ. ಪುಡಿ ತೂಗುವುದೂ ಕರಗಿಸುವುದೂ ಫ್ಯೂಮ್ ಹುಡ್‌ನಲ್ಲಿ, ಗ್ಲೌಸ್ ಹಾಕಿಕೊಂಡೇ ಆಗಬೇಕು.

ಮೈ ಬಿಸಿ 37 ಡಿಗ್ರಿ ಸೆಲ್ಸಿಯಸ್, ಅರ್ಧ ಡಿಗ್ರಿ ಆಚೀಚೆ. ಇದು ಬರೀ ಇಲಿಯ ಕ್ಷೇಮದ ಮಾತಲ್ಲ. ಮೈ ತಣ್ಣಗಾದರೆ ಥೀಟಾ ಆವರ್ತನ ಇಳಿಯುತ್ತದೆ, ನೀವದನ್ನು ಸುಪ್ರಾಮ್ಯಾಮಿಲರಿಗೆ ಬಿಟ್ಟ ಔಷಧದ ಪರಿಣಾಮ ಅಂದುಕೊಳ್ಳುತ್ತೀರಿ. ಹೀಟಿಂಗ್ ಪ್ಯಾಡ್ ಡಿಸಿಯದಾಗಿರಲಿ. ಎಸಿ ಪ್ಯಾಡು 50 ಹರ್ಟ್ಸ್ ಗದ್ದಲವನ್ನು ನೇರ ತಲೆಗೇ ತಂದುಕೊಡುತ್ತದೆ.

ತಂತಿ ಇಳಿಸುವುದು

ಇಲಿ ಮಿದುಳಿನ ನಕ್ಷೆಯಾದ ಪ್ಯಾಕ್ಸಿನೋಸ್–ವಾಟ್ಸನ್ ಅಟ್ಲಾಸ್ 290 ಗ್ರಾಂ ಆಸುಪಾಸಿನ ಗಂಡು ವಿಸ್ಟಾರ್ ಇಲಿಗೆ ಮಾಡಿದ್ದು. ನಿಮ್ಮ ಇಲಿ 250ರಿಂದ 350 ಗ್ರಾಂ ಒಳಗಿದ್ದರೆ ಅಂಕಿಗಳು ಸುಮಾರಾಗಿ ಹೊಂದುತ್ತವೆ. ತಲೆಬುರುಡೆಯ ಹೊಲಿಗೆಗಳು ಸೇರುವ ಬಿಂದುಗಳಾದ ಬ್ರೆಗ್ಮಾ (ಮುಂದಿನದು) ಮತ್ತು ಲ್ಯಾಂಬ್ಡಾ (ಹಿಂದಿನದು), ಇವುಗಳ ಎತ್ತರದ ವ್ಯತ್ಯಾಸ 0.1 ಮಿ.ಮೀ. ಮೀರಬಾರದು. ಹಿಪೊಕ್ಯಾಂಪಸ್‌ಗೆ ತಪ್ಪಿದರೂ ಏನೋ ಸಿಗುತ್ತದೆ. ಆರ್‌ಪಿಓ ಬ್ರೆಗ್ಮಾದಿಂದ 8 ಮಿ.ಮೀ. ಹಿಂದೆ, ಅಷ್ಟೇ ಆಳದಲ್ಲಿದೆ. ತಲೆ ಓರೆಯಾದರೆ ಅಲ್ಲಿ ತಪ್ಪು ಬೆಳೆಯುತ್ತಾ ಹೋಗುತ್ತದೆ.

ಆರಂಭಕ್ಕೆ ಈ ಅಂಕಿಗಳು ಸಾಕು, ಎಲ್ಲವೂ ಬ್ರೆಗ್ಮಾದಿಂದ, ಮಿ.ಮೀ.ನಲ್ಲಿ (ಸಿಎ1ರ ಆಳ ಮಾತ್ರ ಮಿದುಳಿನ ಹೊರಪೊರೆಯಾದ ಡ್ಯೂರಾದಿಂದ):

ಹಿಪೊಕ್ಯಾಂಪಸ್ ಸಿಎ1: 3.3ರಿಂದ 3.8 ಹಿಂದೆ, 2.0ರಿಂದ 2.5 ಪಕ್ಕಕ್ಕೆ, ಡ್ಯೂರಾದಿಂದ 2.3ರಿಂದ 3.0 ಮಿ.ಮೀ. ಆಳ.
ಮೀಡಿಯಲ್ ಸೆಪ್ಟಮ್: 0.5 ಮುಂದೆ, ನಡುಗೆರೆಯಲ್ಲೇ, 6 ಮಿ.ಮೀ.ಗೆ ತುಸು ಮೇಲ್ಪಟ್ಟ ಆಳ.
ಸುಪ್ರಾಮ್ಯಾಮಿಲರಿ: 4.5ರಿಂದ 4.8 ಹಿಂದೆ, ನಡುಗೆರೆಗೆ ಹತ್ತಿರ, 8.5ರಿಂದ 9 ಮಿ.ಮೀ.
ಆರ್‌ಪಿಓ: ಸುಮಾರು 8 ಹಿಂದೆ, 1ರಿಂದ 1.3 ಪಕ್ಕಕ್ಕೆ, 7.5ರಿಂದ 8 ಮಿ.ಮೀ.

ಸೆಪ್ಟಮ್‌ಗೆ ನೆಟ್ಟಗೆ ಇಳಿಯಲು ಹೋದರೆ ನಡುಗೆರೆಯ ದೊಡ್ಡ ರಕ್ತನಾಳ, ಸ್ಯಾಜಿಟಲ್ ಸೈನಸ್, ಹರಿಯುತ್ತದೆ, ರಕ್ತ ನಿಲ್ಲಿಸುವುದರಲ್ಲೇ ದಿನ ಕಳೆಯುತ್ತದೆ. ಹತ್ತು ಡಿಗ್ರಿ ಓರೆ ಮಾಡಿ. ಗುರಿ 6.2 ಮಿ.ಮೀ. ಆಳದಲ್ಲಿದ್ದರೆ 6.2 ಗುಣಿಸು 0.176, ಅಂದರೆ ನಡುಗೆರೆಯಿಂದ 1.1 ಮಿ.ಮೀ. ಪಕ್ಕದಲ್ಲಿ ತೂತು ಕೊರೆಯಬೇಕು. ಓರೆಯಲ್ಲಿ ಸಾಗಬೇಕಾದ ದೂರ 6.3 ಮಿ.ಮೀ. ಸುಪ್ರಾಮ್ಯಾಮಿಲರಿಗೂ ಇದೇ ಉಪಾಯ.

ರೆಕಾರ್ಡಿಂಗ್‌ಗೆ ಟೆಫ್ಲಾನ್ ಹೊದಿಸಿದ 125 ಮೈಕ್ರೋಮೀಟರ್ ದಪ್ಪದ ಸ್ಟೇನ್‌ಲೆಸ್ ತಂತಿ ಸಾಕು. ಒಂದರ ತುದಿ ಇನ್ನೊಂದಕ್ಕಿಂತ ಅರ್ಧ ಮಿ.ಮೀ. ಮೇಲಿರುವಂತೆ ಎರಡು ತಂತಿ ಜೋಡಿಸಿ. ರೆಫರೆನ್ಸ್ ಸ್ಕ್ರೂ ಸೆರಿಬೆಲ್ಲಮ್ ಮೇಲೆ ಕೂರಿಸಿ. ಹಿಪೊಕ್ಯಾಂಪಸ್‌ನ ಮೇಲಿನ ಕಾರ್ಟೆಕ್ಸ್‌ನಲ್ಲಿ ರೆಫರೆನ್ಸ್ ಇಟ್ಟರೆ ಕೆಳಗಿನ ಥೀಟಾ ಅಲ್ಲಿಗೂ ಹರಡಿಕೊಂಡಿರುತ್ತದೆ, ಕಳೆಯುವಾಗ ನಿಮ್ಮದೇ ಅಲೆ ಕಳೆದುಹೋಗುತ್ತದೆ. ಕಾರ್ಟೆಕ್ಸ್‌ನಲ್ಲೂ ಥೀಟಾ ಸಿಕ್ಕಿತೆಂದು ಸಂಭ್ರಮಿಸುವವರು ಮೊದಲು ಈ ಹರಡುವಿಕೆಯನ್ನು ತಳ್ಳಿಹಾಕಬೇಕು.

ಆಳ ಗೊತ್ತುಮಾಡುವ ಕೆಲಸಕ್ಕೆ ಅವಸರ ಬೇಡ. 2 ಮಿ.ಮೀ. ದಾಟಿದ ಮೇಲೆ 0.1 ಮಿ.ಮೀ.ನಂತೆ ಇಳಿಸಿ, ಪ್ರತಿ ಹೆಜ್ಜೆಗೂ ಒಂದೆರಡು ನಿಮಿಷ ನಿಲ್ಲಿ. ಸ್ಪೀಕರ್‌ನಲ್ಲಿ ಕೋಶಗಳ ಚಟಪಟ ಜೋರಾಗಿ, ಸೆಕೆಂಡಿಗೆ 150–200 ಸಲದ ರಿಪ್ಪಲ್‌ಗಳು ಕಂಡರೆ ಪಿರಮಿಡ್ ಪದರ ಬಂತು. ಅಲ್ಲಿ ಥೀಟಾ ಸಣ್ಣದು. ಇನ್ನೂ ಇಳಿದಂತೆ ಸ್ಟ್ರೇಟಮ್ ರೇಡಿಯೇಟಮ್ ಪದರದಲ್ಲಿ ಅಲೆ ಹೆಚ್ಚುಕಡಿಮೆ ಇಲ್ಲವಾಗಿ, ಅದರ ಕೆಳಗೆ ತಲೆಕೆಳಗಾಗಿ ಮತ್ತೆ ಬೆಳೆಯುತ್ತದೆ. ಪಿರಮಿಡ್ ಪದರಕ್ಕಿಂತ ಸುಮಾರು ಅರ್ಧ ಮಿ.ಮೀ. ಕೆಳಗಿರುವ ಹಿಪೊಕ್ಯಾಂಪಲ್ ಫಿಶರ್ ಬಳಿ ಅದು ಎಲ್ಲಕ್ಕಿಂತ ಎತ್ತರ. ಕೆಳಗಿನ ತಂತಿಯನ್ನು ಅಲ್ಲಿ ನಿಲ್ಲಿಸಿ. ಯುರೇಥೇನ್ ಅಡಿಯಲ್ಲಿ ಈ ತಲೆಕೆಳಗಾಗುವಿಕೆ ಥಟ್ಟನೆ ಆಗುತ್ತದೆ. ಎಚ್ಚರದ ಇಲಿಯಲ್ಲಿ ಹಂತ ಹಂತವಾಗಿ, ಯಾಕೆಂದರೆ ಅಲ್ಲಿ ಎಂಟೊರೈನಲ್ ಪಾಲೂ ಕೂಡಿಕೊಂಡಿರುತ್ತದೆ. ಎರಡೂ ತಂತಿಗಳಲ್ಲಿ ಅಲೆ ಎದುರುಬದುರಾಗಿ ಕಂಡರೆ ಅದು ಇಲ್ಲೇ ಹುಟ್ಟಿದ ಥೀಟಾ ಎಂಬುದಕ್ಕೆ ನಿಮ್ಮ ಕೈಲಿರುವ ಒಳ್ಳೆಯ ಪುರಾವೆ.

ಸ್ಯಾಂಪಲಿಂಗ್ 1000 ಹರ್ಟ್ಸ್ ಇಲ್ಲವೇ ಹೆಚ್ಚು. ಥೀಟಾಗೆ 0.1ರಿಂದ 100 ಹರ್ಟ್ಸ್ ಫಿಲ್ಟರ್ ಸಾಕು, ರಿಪ್ಪಲ್ ನೋಡಬೇಕಾದರೆ ಮೇಲಿನ ಅಂಚು ಏರಿಸಿ.

ಲಯ ಎಬ್ಬಿಸುವುದು

ಬಾಲದ ಬುಡ ಚಿವುಟಿದರೆ ಕೆಲವೇ ಸೆಕೆಂಡಿನಲ್ಲಿ ನಿಧಾನ ಅಲೆ ಹೋಗಿ 3ರಿಂದ 5 ಹರ್ಟ್ಸ್ ಥೀಟಾ ಬರುತ್ತದೆ. ಅರಿವಳಿಕೆ ಹದ ಇದೆಯೇ ಎಂದು ತಿಳಿಯಲು ಇದು ಒಳ್ಳೆಯದು, ಅಳತೆಗೆ ಒಳ್ಳೆಯದಲ್ಲ: ಎಷ್ಟು ಬಲವಾಗಿ ಚಿವುಟಿದಿರಿ ಎಂಬುದಕ್ಕೆ ಲೆಕ್ಕವಿಲ್ಲ. ತಾನಾಗಿಯೇ ಥೀಟಾ ಮತ್ತು ನಿಧಾನ ಅಲೆ ಸರದಿಯಂತೆ ಬಂದುಹೋಗುವುದೂ ಉಂಟು. ಹಾಗಾಗಿ ಔಷಧ ಬಿಟ್ಟ ಮೇಲೆ ಥೀಟಾ ಹೋಯಿತೆಂದು ಕುಣಿಯುವ ಮೊದಲು ಕನಿಷ್ಠ ಅರ್ಧ ಗಂಟೆಯ ಬೇಸ್‌ಲೈನ್ ಇರಲಿ.

ಅಳತೆಗೆ ಆರ್‌ಪಿಓ ಕೆಣಕಿ. ಹೆಣೆದ ಜೋಡಿ ತಂತಿ, 0.1 ಮಿಲಿಸೆಕೆಂಡಿನ ಎರಡು ದಿಕ್ಕಿನ ಪಲ್ಸ್, 100 ಹರ್ಟ್ಸ್, 4 ಸೆಕೆಂಡಿನ ಟ್ರೇನ್ (ಪಲ್ಸ್‌ಗಳ ಸಾಲು), ನಡುವೆ ಒಂದು ನಿಮಿಷ ಬಿಡುವು. 20 ಮೈಕ್ರೋ ಆಂಪಿಯರ್‌ನಿಂದ ಶುರುಮಾಡಿ 20ರಂತೆ ಏರಿಸುತ್ತಾ ಥೀಟಾ ಬರುವ ಮಟ್ಟ ಹುಡುಕಿ. ಆಮೇಲೆ ಐದಾರು ಮಟ್ಟಗಳನ್ನು ಕಲಸಿ ಕೊಡಿ, ಏರುಕ್ರಮದಲ್ಲಿ ಬೇಡ; ಏರುಕ್ರಮದಲ್ಲಿ ಕೊಟ್ಟರೆ ಅರಿವಳಿಕೆ ಇಳಿಯುತ್ತಿರುವುದೂ ಕರೆಂಟ್ ಏರುತ್ತಿರುವುದೂ ಬೆರೆತುಹೋಗುತ್ತವೆ. ಕರೆಂಟ್ ಹೆಚ್ಚಿದಂತೆ ಆವರ್ತನ ಹೆಚ್ಚುಕಡಿಮೆ ನೇರ ಗೆರೆಯಲ್ಲಿ ಏರಬೇಕು. ಈ ಗೆರೆಯೇ ನಿಮ್ಮ ಮಾಪಕ. ಗೆರೆ ಸಿಗದಿದ್ದರೆ ತಂತಿ ಆರ್‌ಪಿಓದಲ್ಲಿಲ್ಲ. ಅದು ಮೀಡಿಯನ್ ರಾಫೆಯತ್ತ ಜಾರಿದ್ದರೆ ಥೀಟಾ ಬರುವ ಬದಲು ಮುರಿಯುತ್ತದೆ. ಮೀಸೆ, ದವಡೆ ಸೆಳೆತ ಕಂಡರೆ ಕರೆಂಟ್ ಅತಿಯಾಯಿತು.

ಟ್ರೇನ್‌ನ ಮೊದಲ ಸೆಕೆಂಡನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಆಂಪ್ಲಿಫೈಯರ್ ಉಕ್ಕಿ ಇಳಿಯುವಾಗ ಮೂಡುವ ಸುಳ್ಳು ಅಲೆಗೆ ಕೆಲವೊಮ್ಮೆ ಥೀಟಾದ್ದೇ ವೇಗ.

ದಾರಿ ಮುಚ್ಚುವುದು

ಎರಡು ಔಷಧ, ಎರಡು ಉದ್ದೇಶ. ಲಿಡೊಕೇನ್ ಅಥವಾ ಪ್ರೊಕೇನ್ ಕೋಶಗಳನ್ನೂ ಅಲ್ಲಿಂದ ಹಾದುಹೋಗುವ ತಂತುಗಳನ್ನೂ ಕಟ್ಟುತ್ತವೆ, ಅಂದರೆ ಸಂಕೇತ ಸಾಗದಂತೆ ತಡೆಯುತ್ತವೆ. ಹತ್ತಿಪ್ಪತ್ತು ನಿಮಿಷದಲ್ಲಿ ಪರಿಣಾಮ ಇಳಿಯುವುದರಿಂದ ಮರಳಿ ಬಂದದ್ದನ್ನು ಅದೇ ಇಲಿಯಲ್ಲಿ ತೋರಿಸಬಹುದು. ಮಸಿಮೋಲ್ ಗಾಬಾ ಗ್ರಾಹಕಗಳ ಮೇಲೆ ಕೆಲಸ ಮಾಡುವುದರಿಂದ ಅಲ್ಲಿನ ಕೋಶಗಳನ್ನು ಮಾತ್ರ ಸುಮ್ಮನಾಗಿಸುತ್ತದೆ, ಹಾದುಹೋಗುವ ತಂತುಗಳನ್ನು ಬಿಡುತ್ತದೆ, ಆದರೆ ಗಂಟೆಗಟ್ಟಲೆ ನಿಲ್ಲುತ್ತದೆ. ಸುಪ್ರಾಮ್ಯಾಮಿಲರಿ ಬಳಿ ಇದು ಬಹಳ ಮುಖ್ಯ, ಮೀಡಿಯಲ್ ಫೋರ್‌ಬ್ರೈನ್ ಬಂಡಲ್ ಅಲ್ಲೇ ಹತ್ತಿರದಲ್ಲಿ ಹಾದುಹೋಗುತ್ತದೆ. ಲಿಡೊಕೇನ್‌ನಿಂದ ಆದದ್ದು ಮಸಿಮೋಲ್‌ನಿಂದ ಆಗದಿದ್ದರೆ ನೀವು ಕಟ್ಟಿದ್ದು ಕೇಂದ್ರವನ್ನಲ್ಲ, ರಸ್ತೆಯನ್ನು.

ಸೆಪ್ಟಮ್‌ಗೆ 0.5 ಮೈಕ್ರೋ ಲೀಟರ್, ನಿಮಿಷಕ್ಕೆ 0.25ರಂತೆ. ಸುಪ್ರಾಮ್ಯಾಮಿಲರಿ ಸಣ್ಣದು, 0.1ರಿಂದ 0.2 ದಾಟಬೇಡಿ. ಬಿಟ್ಟಾದ ಮೇಲೆ ಎರಡು ನಿಮಿಷ ಕ್ಯಾನುಲಾ (ಔಷಧ ಬಿಡುವ ಸಣ್ಣ ಕೊಳವೆ) ತೆಗೆಯಬಾರದು. ತಕ್ಷಣ ಎಳೆದರೆ ಔಷಧ ಅದರ ಜಾಡು ಹಿಡಿದು ಮೇಲಕ್ಕೆ ಬರುತ್ತದೆ. ಇಷ್ಟೇ ಪ್ರಮಾಣದ ಸಲೈನ್ ಬೇರೊಂದು ಸುತ್ತಿನಲ್ಲಿ ಬಿಟ್ಟು ನೋಡಿ.

ನಿರೀಕ್ಷೆ ಹೀಗೆ. ಸೆಪ್ಟಮ್ ಕಟ್ಟಿದರೆ ಎತ್ತರ ಕುಸಿಯುತ್ತದೆ. ಪೂರ್ತಿ ಅಳಿಯುವ ಮೊದಲಿನ ಅಲೆಗಳಲ್ಲಿ ಆವರ್ತನ ಹಾಗೇ ಇರುತ್ತದೆ. ಸುಪ್ರಾಮ್ಯಾಮಿಲರಿ ಕಟ್ಟಿದರೆ ಕರೆಂಟ್–ಆವರ್ತನ ಗೆರೆಯೇ ಕೆಳಗಿಳಿಯುತ್ತದೆ. ಎಚ್ಚರದ ಇಲಿಯಲ್ಲಿ ಈ ಇಳಿತ ಇನ್ನೂ ಸಣ್ಣದು, ಅಲ್ಲಿ ವೇಗ ಗೊತ್ತುಮಾಡುವವರು ಬೇರೆಯವರೂ ಇದ್ದಾರೆ.

ಕೊನೆಗೆ ಅಟ್ರೊಪಿನ್ ಸಲ್ಫೇಟ್, ಕಿಲೋಗೆ 50 ಮಿ.ಗ್ರಾಂ, 300 ಗ್ರಾಂ ಇಲಿಗೆ 15 ಮಿ.ಗ್ರಾಂ. ಯುರೇಥೇನ್ ಥೀಟಾ ಪೂರ್ತಿ ಹೋಗಬೇಕು. ಮಿದುಳಿಗೆ ಇಳಿಯದ ಅಟ್ರೊಪಿನ್ ಮೀಥೈಲ್ ನೈಟ್ರೇಟ್‌ನಿಂದ ಹೋಗಬಾರದು. ಇದು ಕೊನೆಯಲ್ಲೇ ಇರಲಿ, ಕೊಟ್ಟ ಮೇಲೆ ಆ ದಿನ ಬೇರೇನೂ ನೋಡಲಾಗದು.

ಸೆಪ್ಟಮ್ ಕಟ್ಟಿದಾಗ ಥೀಟಾ ಹೋಯಿತು ಅಂದರೆ ಸೆಪ್ಟಮ್ ಒಂದೇ ಥೀಟಾ ಹುಟ್ಟಿಸುತ್ತದೆ ಎಂದರ್ಥವಲ್ಲ. 2009ರಲ್ಲಿ ಗುಟಾನಿ, ಜ್ಯಾಕ್ಸನ್ ಮತ್ತು ವಿಲಿಯಮ್ಸ್, ಇಡಿಯಾಗಿ ಬಿಡಿಸಿ ಬಟ್ಟಲಿನಲ್ಲಿಟ್ಟ ಹಿಪೊಕ್ಯಾಂಪಸ್ ಸೆಪ್ಟಮ್ ಇಲ್ಲದೆಯೂ ಥೀಟಾ ವೇಗದಲ್ಲಿ ಮಿಡಿಯುವುದನ್ನು ತೋರಿಸಿದರು. ಬದುಕಿರುವ ಪ್ರಾಣಿಯಲ್ಲಿ ಸೆಪ್ಟಮ್ ಬೇಕೇ ಬೇಕು ಎನ್ನುವಷ್ಟಕ್ಕೆ ನಿಮ್ಮ ಫಲಿತಾಂಶ ಸಾಲುತ್ತದೆ, ಅದಕ್ಕಿಂತ ಹೆಚ್ಚಿಗಲ್ಲ.

ಲೆಕ್ಕದಲ್ಲಿ ಎಡವುವ ಜಾಗಗಳು

ಇಲ್ಲಿ ಹಾಳಾಗುವ ಪ್ರಯೋಗಗಳು ಶಸ್ತ್ರಕ್ರಿಯೆಯಲ್ಲಿ ಹಾಳಾಗುವುದಕ್ಕಿಂತ ಹೆಚ್ಚು. ಒಂದು ಉದಾಹರಣೆ. 3ರಿಂದ 6 ಹರ್ಟ್ಸ್ ಪಟ್ಟಿಯ ಪವರ್ ಅಳೆಯುತ್ತಿದ್ದೀರಿ. ಔಷಧ ಬಿಟ್ಟಾಗ ಅಲೆ 3.6ರಿಂದ 2.8 ಹರ್ಟ್ಸ್‌ಗೆ ಇಳಿಯಿತು, ಎತ್ತರ ಒಂದಿಷ್ಟೂ ಬದಲಾಗಲಿಲ್ಲ. ಪಟ್ಟಿಯ ಹೊರಗೆ ಹೋದ ಅಲೆ ನಿಮ್ಮ ಲೆಕ್ಕಕ್ಕೆ ಸಿಗದು. ‘ಪವರ್ ಕುಸಿಯಿತು’ ಎಂದು ಬರೆಯುತ್ತೀರಿ, ಆವರ್ತನದ ಪರಿಣಾಮವನ್ನು ಎತ್ತರದ ಖಾತೆಗೆ ಹಾಕಿಬಿಡುತ್ತೀರಿ. ಮೊದಲು 2ರಿಂದ 12 ಹರ್ಟ್ಸ್ ಒಳಗೆ ಶಿಖರ ಹುಡುಕಿ, ಅದರ ಜಾಗವನ್ನು ಆವರ್ತನವೆಂದು ಬರೆಯಿರಿ, ಆಮೇಲೆ ಆ ಶಿಖರದ ಎರಡೂ ಪಕ್ಕ ಅರ್ಧರ್ಧ ಹರ್ಟ್ಸ್ ಸೇರಿಸಿ ಪವರ್ ಅಳೆಯಿರಿ.

ರೆಕಾರ್ಡಿಂಗನ್ನು ‘ಕಿಟಕಿ’ ಎಂಬ ತುಂಡುಗಳಾಗಿ ಮಾಡಿ ಪವರ್‌ನ ಸರಾಸರಿ ತೆಗೆಯುವ ವೆಲ್ಚ್ ವಿಧಾನದಲ್ಲಿ ಕಿಟಕಿಯ ಉದ್ದವೇ ನಿಮ್ಮ ಸೂಕ್ಷ್ಮತೆ: 1 ಸೆಕೆಂಡಿನ ಕಿಟಕಿಗೆ 1 ಹರ್ಟ್ಸ್, 4 ಸೆಕೆಂಡಿಗೆ 0.25. ಅರ್ಧ ಹರ್ಟ್ಸ್ ಇಳಿತ ಹುಡುಕುವವರಿಗೆ 1 ಸೆಕೆಂಡು ಕೆಲಸಕ್ಕೆ ಬಾರದು. ಟ್ರೇನ್‌ನಲ್ಲಿ ಉಳಿದಿರುವುದು 3 ಸೆಕೆಂಡು ಮಾತ್ರವಾದರೆ ಸೊನ್ನೆ ದಾಟುವ ಕ್ಷಣಗಳನ್ನು ಎಣಿಸಿ ಆವರ್ತನ ತೆಗೆಯುವುದು ವಾಸಿ.

ಫಿಲ್ಟರ್ ಮಾಡಿದ ಅಲೆಯನ್ನು ನೋಡಿ ಥೀಟಾ ಇದೆಯೆಂದು ತೀರ್ಮಾನಿಸಬೇಡಿ. ಬರೀ ಗದ್ದಲವನ್ನು 3–6 ಹರ್ಟ್ಸ್ ಫಿಲ್ಟರ್‌ಗೆ ಹಾಕಿದರೂ ಚೆಂದದ ಅಲೆಯೇ ಹೊರಬರುತ್ತದೆ. ಉಸಿರಾಟವನ್ನೂ ರೆಕಾರ್ಡ್ ಮಾಡಿ: ಮೂಗಿನ ಗಾಳಿಗೆ ಹೊಂದಿಕೊಂಡ ನಿಧಾನ ಲಯವೊಂದು ಹಿಪೊಕ್ಯಾಂಪಸ್‌ನಲ್ಲೂ ಕಾಣುತ್ತದೆ, ಯುರೇಥೇನ್ ಅಡಿಯಲ್ಲಿ ಅದು ಥೀಟಾದ ಕೆಳ ಅಂಚಿಗೆ ತಾಗಿಕೊಂಡಿರಬಹುದು. ಎದೆಯ ಮೇಲೊಂದು ಪೀಜೋ ತಟ್ಟೆ ಅಂಟಿಸಿದರೆ ಸಾಕು, ಎರಡರ ಕೊಹಿರೆನ್ಸ್ (ಎಷ್ಟು ಹೊಂದಿಕೊಂಡಿವೆ ಎಂಬುದು) ನೋಡಿ ಬೇರ್ಪಡಿಸಬಹುದು.

ಇಲಿ, ಲ್ಯಾಬ್ ಎರಡೂ ಇಲ್ಲದವರು ಲೆಕ್ಕದ ಭಾಗವನ್ನು ಮುಕ್ತ ದತ್ತಾಂಶದಲ್ಲಿ ಕಲಿಯಬಹುದು. ಸಿಆರ್‌ಸಿಎನ್‌ಎಸ್ ಜಾಲತಾಣದ ಎಚ್‌ಸಿ-3 ಸಂಗ್ರಹದಲ್ಲಿ ಬುಝ್ಸಾಕಿ ಪ್ರಯೋಗಾಲಯ ಓಡಾಡುವ ಇಲಿಗಳ ಹಿಪೊಕ್ಯಾಂಪಸ್, ಎಂಟೊರೈನಲ್ ಕಾರ್ಟೆಕ್ಸ್‌ಗಳಲ್ಲಿ ಮಾಡಿದ ರೆಕಾರ್ಡಿಂಗ್‌ಗಳಿವೆ. ಕ್ಷೇತ್ರ ವಿಭವದ ಕಡತ 1250 ಹರ್ಟ್ಸ್‌ನದು, 4 ಸೆಕೆಂಡಿನ ಕಿಟಕಿಗೆ 5000 ಬಿಂದು. ಅಲ್ಲಿ ಸಿಗುವುದು ಮೊದಲ ಬಗೆಯ ಥೀಟಾ, 8 ಹರ್ಟ್ಸ್ ಸುತ್ತ. 16ರ ಬಳಿ ಕಾಣುವ ಸಣ್ಣ ಶಿಖರ ಬೇರೆ ಲಯವಲ್ಲ, ಅಲೆ ಸಮಮಿತಿಯಲ್ಲಿಲ್ಲದ್ದರಿಂದ ಬರುವ ಹಾರ್ಮೋನಿಕ್.

ಜಾಗ ಖಾತ್ರಿ

ಮುಗಿದ ಮೇಲೆ ತಂತಿ ತುದಿಯಲ್ಲಿ 20 ಮೈಕ್ರೋ ಆಂಪಿಯರ್ ನೇರ ಕರೆಂಟ್ 10 ಸೆಕೆಂಡು ಹಾಯಿಸಿ ಗುರುತು ಮಾಡಿ. ಕ್ಯಾನುಲಾಗಳಲ್ಲಿ ಔಷಧ ಬಿಟ್ಟಷ್ಟೇ ಪ್ರಮಾಣದ ಬಣ್ಣ ಬಿಡಿ. 4 ಶೇಕಡಾ ಪ್ಯಾರಾಫಾರ್ಮಾಲ್ಡಿಹೈಡ್ ಹಾಯಿಸಿ, 40–50 ಮೈಕ್ರೋಮೀಟರ್ ಸೀಳು ತೆಗೆದು ಕ್ರೆಸಿಲ್ ವಯಲೆಟ್ ಹಾಕಿ. ಸೀಳು ನೋಡುವವರಿಗೆ ಆ ಇಲಿಯ ಫಲಿತಾಂಶ ಗೊತ್ತಿರಬಾರದು. ಗುರಿ ತಪ್ಪಿದ ಇಲಿಗಳನ್ನು ಬಿಸಾಡಬೇಡಿ: ಸುಪ್ರಾಮ್ಯಾಮಿಲರಿಯಿಂದ ಒಂದು ಮಿ.ಮೀ. ಆಚೆ ಬಿದ್ದ ಮಸಿಮೋಲ್ ಆವರ್ತನವನ್ನು ಅಲುಗಿಸದಿದ್ದರೆ, ಅಷ್ಟು ಒಳ್ಳೆಯ ಕಂಟ್ರೋಲ್ ಬೇಕೆಂದು ಮಾಡಿದರೂ ಸಿಗದು. ಅವನ್ನು ಪ್ರತ್ಯೇಕ ಗುಂಪಾಗಿ ಅದೇ ಗ್ರಾಫ್‌ನಲ್ಲಿ ಹಾಕಿ.